ವಿಮಾನಕ್ಕೆ ಚಪ್ಪಲಿ ತೊಡಿಸಿದ ಸಗೀರಾ

ಭಾನುವಾರ ಬೆಳಗಿನ ಆರು ಗಂಟೆ. ಬಸವನ ಬಾಗೇವಾಡಿಯ ಅಂಚಿನ ಶಾಲಾ ಮೈದಾನದಲ್ಲಿ, ಇಬ್ಬನಿಗೆ ತೊಯ್ದ ಕರಿಕೆ ಹುಲ್ಲಿನ ಮೇಲೆ ಮೊಣಕಾಲೂರಿ ಕುಳಿತ ಸಗೀರಾ ರಿಮೋಟ್ ವಿಮಾನವೊಂದರ ಗಾಲಿ ತಿರುಗಿಸಿ ನೋಡುತ್ತಿದ್ದಾರೆ. ವಿಮಾನದ ಒಡೆಯ, ವಿಜ್ಞಾನದ ಮಾಸ್ತರ ಶ್ರೀವಲ್ಲಭ, ಪಕ್ಕದಲ್ಲೇ ನಿಂತು ಉಗುರು ಕಚ್ಚುತ್ತಿದ್ದಾರೆ.

“ಇನ್ನ ಮೂತಿ ಹೊಡಿಯಂಗಿಲ್ರಿ ಸರ, ಧೈರ್ಯಾ ಮಾಡ್ರಿ.”

ನಲವತ್ತೆಂಟರ ಸಗೀರಾ ಬಸ್ ನಿಲ್ದಾಣದ ಹಿಂದೆ ಸೈಕಲ್ ರಿಪೇರಿ ಅಂಗಡಿ ನಡೆಸುತ್ತಾರೆ. ಹನ್ನೊಂದು ವರ್ಷದ ಹಿಂದೆ ಗಂಡ ತೀರಿಕೊಂಡಾಗ, ಹೆಣ್ಣುಮಗಳು ಪಂಕ್ಚರ್ ಹಾಕ್ತಾಳೇನು ಎಂದು ನಕ್ಕವರಿಗೆ ಲೆಕ್ಕವಿಲ್ಲ. ಈಗ ಅವರೇ ಗಾಲಿ ಉರುಳಿಸಿಕೊಂಡು ಬರುತ್ತಾರೆ! ದಿನಕ್ಕೆ ಹದಿನೈದು ಪಂಕ್ಚರ್, ನಾಲ್ಕೈದು ಡೊಂಕು ರಿಮ್ಮು. ಶುಕ್ರವಾರ ಮಧ್ಯಾಹ್ನ ಮಾತ್ರ ಬಾಗಿಲು ಹಾಕುತ್ತಾರೆ.

ಮಾಸ್ತರರು ನಾಲ್ಕು ತಿಂಗಳು ಕೂತು ಕಟ್ಟಿದ ವಿಮಾನ ಹಾರುವುದೇನೋ ಚೆನ್ನಾಗಿಯೇ ಹಾರುತ್ತಿತ್ತು. ಇಳಿಯುವಾಗ ಪುಟ್ಟ ಪ್ಲಾಸ್ಟಿಕ್ ಗಾಲಿ ಹುಲ್ಲಿಗೆ ಸಿಕ್ಕಿ, ಮೂತಿ ನೆಲಕ್ಕೆ ಬಡಿದು, ಪ್ರೊಪೆಲ್ಲರ್ ಚಟ್ಟನೆ ಮುರಿಯುತ್ತಿತ್ತು. ಹಾಗೆ ಮೂರು ಹೋದವು, ಉಳಿದದ್ದು ಒಂದೇ. ಅದೂ ಮುರಿದರೆ ವಿಮಾನವನ್ನು ಅಟ್ಟಕ್ಕೇರಿಸುವುದಾಗಿ ಹೆಂಡತಿ ಮಂಜರಿಗೆ ಅವರು ಮಾತು ಕೊಟ್ಟಿದ್ದಾರೆ. ಪಾಪ!

ಕಳೆದ ವಾರ ವಿಮಾನದ ಗಾಲಿ ಹೊರುವ, ಡೊಂಕಾದ ತಂತಿಯ ಕಾಲು ನೆಟ್ಟಗೆ ಮಾಡಿಸಲು ಅವರು ಅಂಗಡಿಗೆ ಬಂದರು. ಸಗೀರಾ ಇಡೀ ವಿಮಾನ ತರಿಸಿ ನೋಡಿದರು.

“ಕಾಲಿಟ್ಟ ಜಾಗಾನ ತಪ್ಪೈತ್ರಿ. ನಮ್ಮ ಅಬ್ಬಾ ಚಕ್ಕಡಿ ಹೊಡೀತಿದ್ರು. ಹೇರು ಮುಂದ ಹೆಚ್ಚಾದ್ರ ನೊಗಾ ಎತ್ತಿನ ಹೆಗಲ ಮ್ಯಾಲ ಕೂಡ್ತೈತಿ, ಅದಕ್ಕ ಮುಂಭಾರ ಅಂತೇವಿ. ನಿಮ್ಮ ವಿಮಾನಕ್ಕೂ ಮುಂಭಾರ ಆಗೇತಿ. ಹೊರಾಕ ಎತ್ತೂ ಇಲ್ಲ, ಮೂತಿ ಹೊಡೀದ ಏನ್ ಮಾಡೀತು?”

ಕಾಲುಗಳನ್ನು ಎರಡು ಬೆರಳಿನಷ್ಟು ಮುಂದಕ್ಕೆ ಬಗ್ಗಿಸಿದರು. ಹಳೆಯ ಹವಾಯಿ ಚಪ್ಪಲಿಯಿಂದ ಅಂಗೈಯಗಲದ ಬಿಲ್ಲೆ ಕತ್ತರಿಸಿ, ಪಂಕ್ಚರ್ ಅಂಟು ಹಚ್ಚಿ ಜೋಡಿಸಿ, ಹಗುರಾದ ದೊಡ್ಡ ಗಾಲಿ ಮಾಡಿದರು.

“ವಿಮಾನಕ್ಕ ಚಪ್ಪಲಿ ಹಾಕ್ತೀರೇನ್ರಿ?” ಮಾಸ್ತರರು ಹೌಹಾರಿದ್ದರಂತೆ.

“ಮತ್ತ, ಹುಲ್ಲಿನಾಗ ಬರಿಗಾಲಿಲೆ ಓಡಸ್ತೀರೇನ್ರಿ?”

ಈಗ ಮೈದಾನದ ಮೇಲೆ ವಿಮಾನ ಮೂರು ಸುತ್ತು ಹಾಕಿ ಕೆಳಗಿಳಿಯುತ್ತದೆ. ಸಗೀರಾ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಗಾಲಿ ಹುಲ್ಲು ಮುಟ್ಟುತ್ತದೆ, ಪುಟಿಯುತ್ತದೆ, ಮೂತಿ ಬಾಗುತ್ತದೆ. ಅಯ್ಯಯ್ಯೋ! ಅಷ್ಟರಲ್ಲಿ ಬಾಲ ಕೆಳಗಿಟ್ಟು ಸರಸರ ಓಡಿ ನಿಲ್ಲುತ್ತದೆ. ಪ್ರೊಪೆಲ್ಲರ್‌ಗೆ ಏನೂ ಆಗಿಲ್ಲ. ಮಾಸ್ತರರು ವಯಸ್ಸು ಮರೆತು ಕುಣಿಯುತ್ತಾರೆ. ವರದಿ ಬರೆಯಲು ಹೋದ ನಾನೂ ಖುಷಿ ತಡೆಯಲಾಗದೆ ಶಿಳ್ಳೆ ಹೊಡೆಯುತ್ತೇನೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಸಗೀರಾ ರಿಮೋಟ್‌ನತ್ತ ಕಣ್ಣು ಹಾಯಿಸುತ್ತಾರೆ.

“ಹಾರಸೂದು ಸರ ಹಾರಸ್ಲಿ. ಒಂದ್ ಸಲಾ ಇಳಸಾಕ ನನ್ನ ಕೈಯಾಗ ಕೊಡ್ಲಿ.”

ಮಾಸ್ತರರು ರಿಮೋಟ್ ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

“ಯಾಕ್ರಿ ಸರ?” ಸಗೀರಾ ಸೊಂಟದ ಮೇಲೆ ಕೈಯಿಟ್ಟು ನಗುತ್ತಾರೆ. “ರೆಕ್ಕಿ ನಿಮ್ಮವು ಇರಬಹುದು. ಕಾಲು ನನ್ನವು ಅಲ್ಲೇನ್ರಿ?”