ಬಿದಿರ ಗಳದ ಮೇಲೆ ಹಸಿರು ಬಟ್ಟೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಮಾದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನ ಲೈನಿನಲ್ಲಿತ್ತು, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ. ಹಾಸನದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು ನಾವು. ಅಪ್ಪ, ಅಮ್ಮ ಇಬ್ಬರೂ ಬೆಳಗಾದರೆ ತೋಟಕ್ಕೆ ಹೋಗುತ್ತಿದ್ದರು. ಪುಟ್ಟ ತಂಗಿಯನ್ನು ನೋಡಿಕೊಳ್ಳಲೆಂದು ಅಕ್ಕ ಶಾಲೆ ಬಿಟ್ಟಿದ್ದಳು. ತಂಗಿಯೂ ಸಾಮಾನ್ಯದವಳಲ್ಲ; ಹಗಲು ಅಕ್ಕನ ಸೊಂಟ ಬಿಟ್ಟರೆ ಬೇರೆಲ್ಲೂ ಕಣ್ಣು ಮುಚ್ಚುತ್ತಿರಲಿಲ್ಲ.

ಲೈನಿನ ಕೊನೆಯಲ್ಲಿ ಕೂಸುಗಳನ್ನು ಬಿಡುವ ಮನೆಯೊಂದಿತ್ತು. ಎಸ್ಟೇಟಿನವರೇ ನೇಮಿಸಿದ್ದ ಅಜ್ಜಿಯೊಬ್ಬರು ಅಲ್ಲಿರುತ್ತಿದ್ದರು. ನಾವು ದುಡ್ಡು ಕೊಡಬೇಕಿರಲಿಲ್ಲ. ಒಳಗೆ ಕಾಲಿಟ್ಟರೆ ರಾಗಿ ಗಂಜಿಯ, ಹರಳೆಣ್ಣೆಯ ವಾಸನೆ. ತೊಲೆಗೆ ಸಾಲಾಗಿ ಜೋಲಿಗಳು, ಪ್ರತಿ ಕೂಸಿಗೂ ತನ್ನ ತಾಯಿಯ ಹಳೇ ಸೀರೆಯದೇ ಜೋಲಿ, ಒಳಗೆ ಹಾಸಲು ಅದರದೇ ತುಂಡು. ಯಾವ ಕೂಸಾದರೂ ಸುಮ್ಮನಾಗದೆ ಹೋದರೆ ಅಜ್ಜಿ ಆ ಸೀರೆಯ ತುಂಡನ್ನು ಅಂಗಳದಂಚಿನ ಬಿದಿರ ಗಳದ ಮೇಲೆ ಹಾಕುತ್ತಿದ್ದರು. ಎದುರಿನ ಇಳಿಜಾರಿನಲ್ಲಿ ಹಣ್ಣು ಕೊಯ್ಯುವ ತಾಯಿ ಅದನ್ನು ನೋಡಿ ಬರುತ್ತಿದ್ದಳು. ಬೇರೆ ಬಟ್ಟೆಯನ್ನು ಅಲ್ಲಿ ಯಾರೂ ಒಣಹಾಕುವ ಹಾಗಿರಲಿಲ್ಲ.

ಒಂದು ದಿನ ಅಮ್ಮ ಧೈರ್ಯ ಮಾಡಿ ತಂಗಿಯನ್ನೂ ನನ್ನನ್ನೂ ಅಲ್ಲಿ ಬಿಟ್ಟಳು.

"ಇವತ್ತು ನೋಡಾನ. ಕೂಸು ಇಲ್ಲಿ ನಿಂತ್ರೆ ನೀನು ಇಸ್ಕೂಲಿಗೆ ಹೋಗು. ಇಲ್ದಿದ್ರೆ ನೀನೇ ಎತ್ಕೋಬೇಕು," ಎಂದು ಅಕ್ಕನಿಗೆ ಹೇಳಿದಳು.

ತಂಗಿ ಲೈನಿನ ಹೆಂಚು ಹಾರುವಂತೆ ಅತ್ತಳು. ಅಜ್ಜಿ ಗಳದ ಕಡೆ ತಿರುಗಿಯೂ ನೋಡಲಿಲ್ಲ. ತೊಡೆಯ ಮೇಲೆ ಮಲಗಿಸಿಕೊಂಡು ಬೆನ್ನು ತಟ್ಟಿದರು, ಬೆರಳಲ್ಲಿ ಗಂಜಿ ನೆಕ್ಕಿಸಿದರು. ಬಿಸಿಲೇರುವ ಹೊತ್ತಿಗೆ ಅವಳು ಅಮ್ಮನ ಹಸಿರು ಸೀರೆಯ ಜೋಲಿಯಲ್ಲಿ ನಿದ್ದೆ ಹೋದಳು.

ಆಗ ಅಕ್ಕ ಬಂದಳು. ಮನೆಯಲ್ಲಿ ಅವಳಿಗೆ ನಿಂತಲ್ಲಿ ನಿಲ್ಲಲಾಗಿರಲಿಲ್ಲ. ತಂಗಿ ಒದ್ದೆ ಮಾಡಿದ್ದ ಹಸಿರು ಸೀರೆಯ ತುಂಡೊಂದು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಒಗೆದು, ಒಳ್ಳೆ ಬಿಸಿಲಿರುವ ಜಾಗ ಹುಡುಕಿ, ಆ ಗಡಿಬಿಡಿಯಲ್ಲಿ ಬಿದಿರ ಗಳದ ಮೇಲೆಯೇ ಹರವಿಬಿಟ್ಟಳು.

ಸ್ವಲ್ಪ ಹೊತ್ತಿಗೆ ಅಮ್ಮ ಏದುಸಿರು ಬಿಡುತ್ತಾ ಓಡಿ ಬಂದಳು. ಸೊಂಟಕ್ಕೆ ಕಟ್ಟಿದ್ದ ಚೀಲದಿಂದ ಕಾಫಿ ಹಣ್ಣು ದಾರಿಯುದ್ದಕ್ಕೂ ಉದುರಿತ್ತು.

"ಯಾಕವ್ವ ಹಿಂಗೆ ಓಡಿ ಬಂದೆ? ಕೂಸು ಮಲಗೈತೆ," ಎಂದರು ಅಜ್ಜಿ.

ಅಮ್ಮ ಗಳ ನೋಡಿದಳು, ಅಕ್ಕನ ಒದ್ದೆ ಕೈ ನೋಡಿದಳು. ಅಕ್ಕ ಬಾಗಿಲ ಹಿಂದೆ ಸರಿದಳು. ಅಮ್ಮ ಜೋಲಿ ಬಿಡಿಸಿ ಇಣುಕಿದರೆ ತಂಗಿ ಕೆನ್ನೆಗೆ ಮುಷ್ಟಿ ಒತ್ತಿಕೊಂಡು ಗೊರಕೆ ಹೊಡೆಯುತ್ತಿದ್ದಳು. ಅಮ್ಮನಿಗೆ ನಗು ತಡೆಯಲಾಗಲಿಲ್ಲ.

"ನಿನ್ನ ಸೊಂಟ ಇಲ್ದೇನೂ ನಿದ್ದೆ ಬತ್ತದೆ ಇವಳಿಗೆ. ನಾಳೆಯಿಂದ ಇಸ್ಕೂಲಿಗೆ ನಡಿ."

ಅಕ್ಕನ ಮುಖ ಒಂದು ಗಳಿಗೆ ಸಣ್ಣಗಾಯಿತು. ಆಮೇಲೆ ಸ್ಲೇಟು ಹುಡುಕಲು ಮನೆಗೆ ಓಡಿದಳು.

ಮಕ್ಕಳೇ, ಈಗ ನಿಮ್ಮಮ್ಮ ಕುಶಾಲನಗರಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿ ಬಣ್ಣ ಬಣ್ಣದ ಗೋಡೆಯ ಡೇ ಕೇರ್ ಇದೆ, ಆದರೆ ಅವಳ ಸಂಬಳಕ್ಕೆ ಅದು ಎಟುಕುವುದಿಲ್ಲ. ಅದಕ್ಕೇ ನೀವೂ ನಿಮ್ಮ ತಂಗಿ ಪುಟ್ಟಿಯೂ ಈ ಅಜ್ಜನ ಜೊತೆ ಇದ್ದೀರಿ. ನನಗೇನೋ ಖುಷಿಯೇ. ಆದರೆ ಅಜ್ಜ ಇಲ್ಲದ ಮನೆಯಲ್ಲಿ ಯಾವ ಅಕ್ಕ ಶಾಲೆ ಬಿಟ್ಟಿದ್ದಾಳೋ ಎಂದು ನೆನೆದರೆ ಸಂಕಟವಾಗುತ್ತದೆ. ಮಧ್ಯಾಹ್ನ ನಿಮ್ಮಮ್ಮ ಫೋನಿನಲ್ಲಿ "ಪುಟ್ಟಿ ಮಲಗಿದ್ಲಾ?" ಎಂದು ಕೇಳುತ್ತಾಳೆ, ನಾನು ಫೋನು ತಿರುಗಿಸಿ ತೋರಿಸುತ್ತೇನೆ. ಆದರೂ ಪುಟ್ಟಿಯ ಬಟ್ಟೆ ಒಗೆದು ತಂತಿಯ ಮೇಲೆ ಹಾಕುವಾಗಲೆಲ್ಲ ನಾನೊಮ್ಮೆ ದಾರಿಯ ಕಡೆ ನೋಡುತ್ತೇನೆ, ಯಾರಾದರೂ ಓಡಿ ಬರುತ್ತಿದ್ದಾರೇನೋ ಎಂದು.