ಬೀಗ ಹಾಕಿದ ಮನೆಗಳ ನೀರು

ಕಾಲೇಜಿನ ಪಾಠ ಬಿಟ್ಟು ಸ್ವತಂತ್ರವಾಗಿ ಅರ್ಥಶಾಸ್ತ್ರದ ಸಂಶೋಧನೆ ಮಾಡುತ್ತೇನೆ ಎಂದು ಹೊರಟಾಗ ದಾವಣಗೆರೆಯಲ್ಲಿ ನನ್ನ ಕೆಲಸ ಏನೆಂದು ತಿಳಿದವರು ಕಡಿಮೆ. ಶಾಮನೂರಿನ ನಮ್ಮ ಬಡಾವಣೆಯಲ್ಲಿ ಎದುರು ಮನೆಯ ಹೆಂಗಸು, "ಹಂಗಂದ್ರೆ ಏನ್ರಿ? ಇನ್‌ಕಮ್ ಟ್ಯಾಕ್ಸ್ ತುಂಬಿ ಕೊಡ್ತೀರೇನು?" ಎಂದು ಕೇಳಿ, ಸಂಜೆಗೆ ಮಗನ ಕಾಗದಗಳನ್ನೂ ತಂದುಬಿಟ್ಟಿದ್ದರು. ಸರ್ಕಾರದ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನೋಡುವುದು ನನ್ನ ಕೆಲಸ ಎಂದೆ. "ಎಲ್ಲಿಗೆ ಹೋಗ್ತೈತೆ ಅಂತ ನಿಮಗೆ ಇನ್ನೂ ಗೊತ್ತಾಗಿಲ್ಲೇನು?" ಎಂದು ಅವರು ಜೋರಾಗಿ ನಕ್ಕರು.

ನನಗೆ ದೊಡ್ಡ ಯೋಜನೆಗಳಲ್ಲಿ ಅಷ್ಟು ಆಸಕ್ತಿ ಇರಲಿಲ್ಲ. ಅವುಗಳ ಮೇಲೆ ಎಲ್ಲರ ಕಣ್ಣೂ ಇರುತ್ತದೆ. ಯಾರೋ ಯಾವಾಗಲೋ ಶುರು ಮಾಡಿ, ಆಮೇಲೆ ಯಾರೂ ನಿಲ್ಲಿಸದೆ, ತಮ್ಮ ಪಾಡಿಗೆ ತಾವು ನಡೆದುಕೊಂಡು ಬರುವ ಖರ್ಚುಗಳಿರುತ್ತವಲ್ಲ, ಅವು ನನ್ನನ್ನು ಎಳೆಯುತ್ತಿದ್ದವು. ಅವನ್ನು ಮಾಡಿದವರು ವರ್ಗವಾಗಿರುತ್ತಾರೆ, ಬೇಕೆಂದವರು ಊರು ಬಿಟ್ಟಿರುತ್ತಾರೆ, ಖರ್ಚು ಮಾತ್ರ ಉಳಿದಿರುತ್ತದೆ. ಹಾಗೊಂದು ಖರ್ಚನ್ನು ಹುಡುಕಿಕೊಂಡೇ ನಾನು ಗುತ್ತೂರಿನ ಆಚೆಯ ಆ ಕಾಲೋನಿಗೆ ಹೋದದ್ದು.

ಹರಿಹರದ ಸುತ್ತಿನ ಒಂದು ಸಣ್ಣ ಸ್ಥಳೀಯ ಸಂಸ್ಥೆಯ ನೀರಿನ ವೆಚ್ಚದ ಬಗ್ಗೆ ವರದಿ ಮಾಡಿಕೊಡಿ ಎಂದು ನಾಗರಿಕರ ಗುಂಪೊಂದು ಕೇಳಿತ್ತು. ಯಾವ ಸಂಸ್ಥೆ ಎಂದು ಇಲ್ಲಿ ಬರೆಯುವುದಿಲ್ಲ. ಅಲ್ಲಿನವರು ಏನನ್ನೂ ಮುಚ್ಚಿಡದೆ ತೋರಿಸಿದರು, ಅವರಿಗೆ ತೊಂದರೆಯಾಗುವುದು ಬೇಡ. ಅಲ್ಲಿನ ಸಹಾಯಕ ಎಂಜಿನಿಯರ್ ಹದಡಿಯ ಹುಡುಗಿ, ನನ್ನ ಕೊನೆಯ ಬ್ಯಾಚಿನ ವಿದ್ಯಾರ್ಥಿನಿಯರ ವಯಸ್ಸು. ಮೇಲೆತ್ತಿದ ನೀರಿಗೂ ಬಿಲ್ ಆದ ನೀರಿಗೂ ಇಷ್ಟು ಅಂತರ ಯಾಕೆ ಎಂದು ಕೇಳಿದ್ದಕ್ಕೆ, ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದಳು.

"ಅದ್ರಾಗೆ ಒಂದು ಪಾಲು ಆ ಮುಚ್ಚಿದ ಫ್ಯಾಕ್ಟರಿ ಕಾಲೋನಿಗೆ ಹೋಗ್ತೈತೆ ಮೇಡಂ. ಅಲ್ಲಿ ಒಂದು ನರಪಿಳ್ಳೆ ವಾಸ ಇಲ್ಲ."

"ಮತ್ಯಾಕೆ ಬಿಡ್ತೀರಿ? ವಾಲ್ವ್ ಬಂದ್ ಮಾಡಬಹುದಲ್ಲ?"

"ಮಾಡಿದ್ರೆ ಕಾಲೋನಿ ಹಿಂದಿರೋ ಹೊಸ ಲೇಔಟಿಗೆ ನೀರಿಲ್ಲ. ಮೇನ್ ಪೈಪು ಕಾಲೋನಿ ಒಳಗಿಂದಾನೇ ಹೋಗೈತೆ. ಮನೆಗಳ ನಳ ಎಲ್ಲಾ ಗುಜರಿಯವ್ರು ಹಿತ್ತಲಿಂದ ನುಗ್ಗಿ ಕಿತ್ಕಂಡು ಹೋಗ್ಯಾರೆ. ಪೈಪಿನ ಬಾಯಿ ತೆಗೆದೇ ಅದಾವೆ."

"ಬಾಯಿ ಮುಚ್ಚಿಸಿ."

"ಆಸ್ತಿ ಕೋರ್ಟಿನಾಗೈತೆ ಮೇಡಂ. ನಾವು ಒಂದು ಬೀಗಾನೂ ಮುಟ್ಟಂಗಿಲ್ಲ." ಫೈಲು ಮುಚ್ಚಿ, "ಬೆಳಗ್ಗೆ ನೀರು ಬಿಡೋ ಹೊತ್ತಿಗೆ ಬಂದು ನೋಡ್ರಿ. ಹೇಳಿದ್ರೆ ಗೊತ್ತಾಗಲ್ಲ," ಎಂದಳು.

ಅವಳ ಸ್ಕೂಟಿಯ ಹಿಂದೆ ಕೂತು ಹೋದ ಆ ಬೆಳಿಗ್ಗೆ ಹೊಳೆಯ ಕಡೆಯಿಂದ ಮಂಜು ರಸ್ತೆಗೆ ಬಂದಿತ್ತು. ಕಾಲೋನಿಯ ಗೇಟಿನಲ್ಲಿ ಒಂದೇ ಕದ ಉಳಿದಿತ್ತು. ಒಳಗೆ ಉದ್ದಕ್ಕೆ ಎದುರುಬದುರು ಎರಡು ಸಾಲು ಮನೆ, ನಡುವೆ ಡಾಂಬರಿನ ರಸ್ತೆ. ಕಣ್ಣಿಗೆ ಬಿದ್ದ ಬಾಗಿಲುಗಳಿಗೆಲ್ಲ ಬೀಗ. ಹೆಂಚು, ಕಿಟಕಿಯ ಸರಳು, ಗೋಡೆಯ ಮೇಲಿನ ಮನೆ ನಂಬರು ಎಲ್ಲ ಇದ್ದಲ್ಲೇ ಇದ್ದವು. ಹಾಳು ಬಿದ್ದ ಜಾಗದ ಹಾಗೆ ಕಾಣಲಿಲ್ಲ. ಎಲ್ಲರೂ ಒಟ್ಟಿಗೆ ಎಲ್ಲೋ ಮದುವೆಗೆ ಹೋದ ಹಾಗಿತ್ತು.

ಎಂಜಿನಿಯರ್ ಗೇಟಿನ ಹತ್ತಿರವೇ ಗಾಡಿ ನಿಲ್ಲಿಸಿಕೊಂಡು, ನೀರು ಬಿಡು ಎಂದು ಟ್ಯಾಂಕಿನ ಬಳಿ ಇದ್ದವನಿಗೆ ಫೋನ್ ಮಾಡಿದಳು. "ನೀವು ಹೋಗಿ ಬರ್ರಿ ಮೇಡಂ, ನಾನಿಲ್ಲೇ ಇರ್ತೀನಿ," ಎಂದಳು. ನಾನು ರಸ್ತೆಯ ಅರ್ಧದವರೆಗೆ ನಡೆದಿರಬೇಕು, ಮೊದಲು ಗಾಳಿ ಬಂತು. ಒಣಗಿದ ಪೈಪುಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು ನೀರು ಹಿಂದಿನಿಂದ ತಳ್ಳುತ್ತಿತ್ತು. ಮೊದಲನೇ ಮನೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಯಿತು. ಪಕ್ಕದ ಮನೆಯಲ್ಲಿ ಕೆಮ್ಮು. ಅದರಾಚೆ ಒಂದು ನಿಟ್ಟುಸಿರು. ಒಂದರ ಹಿಂದೆ ಒಂದರಂತೆ, ಸಾಲಿನ ಈ ತುದಿಯಿಂದ ಆ ತುದಿಗೆ, ಮನೆಗಳು ಎದ್ದವು. ಆಮೇಲೆ ನೀರು. ಪ್ರತಿ ಬಚ್ಚಲಲ್ಲೂ ಒಂದೇ ಸಲ ಧಾರೆ ಬಿತ್ತು. ಕಾರ್ಖಾನೆಯ ಮೊದಲ ಪಾಳಿಗೆ ಎಲ್ಲರೂ ಸ್ನಾನ ಮಾಡಿ ಹೊರಡುವ ಹೊತ್ತಿನ ಸದ್ದು ಅದು. ಮನುಷ್ಯರ ದನಿ ಒಂದು ಇರಲಿಲ್ಲ, ಅಷ್ಟೇ.

ರಸ್ತೆಯ ತುದಿ ಮುಟ್ಟಿ ಹಿಂತಿರುಗಿ ಬರುವಾಗ ನನ್ನ ಕಾಲ ಬಳಿ ರಂಗೋಲಿ ಕಂಡಿತು. ಬಾಗಿಲ ಮುಂದೆ ಗುಡಿಸಿ, ನೀರು ಹಾಕಿ ಬಿಡಿಸಿದ್ದು. ನೆಲ ಇನ್ನೂ ಒದ್ದೆ. ಎದುರು ಸಾಲಿನಲ್ಲೂ ಅಲ್ಲೊಂದು ಇಲ್ಲೊಂದು ಬಾಗಿಲ ಮುಂದೆ ಹಾಗೇ ಬಿಳಿ ಗೆರೆಗಳು ಕಂಡವು. ನಾನು ನಿಂತಿದ್ದ ಮನೆಯೊಳಗಿನ ನೀರಿನ ಸದ್ದು ಬೇರೆಯಾಗಿತ್ತು. ನೆಲಕ್ಕೆ ಬೀಳುವ ಸದ್ದಲ್ಲ, ಕೊಡ ತುಂಬುವ ಸದ್ದು. ಅದು ಮೇಲೆ ಮೇಲೆ ಏರಿ, ಕಂಠಕ್ಕೆ ಬಂದು, ಥಟ್ಟನೆ ನಿಂತಿತು. ಯಾರೋ ಕೊಡವನ್ನು ಪಕ್ಕಕ್ಕೆ ಸರಿಸಿದರು.

ಓಡಬೇಕೆನಿಸಿತು. ಬಾಗಿಲು ತೆರೆದುಕೊಂಡಿತು.

ಹೊರಗೆ ಬಂದವರು ನನ್ನದೇ ವಯಸ್ಸಿನ ಹೆಂಗಸು, ಸೊಂಟದ ಮೇಲೆ ಪ್ಲಾಸ್ಟಿಕ್ ಕೊಡ. ನನ್ನನ್ನು ನೋಡಿ ಅವರೂ ಬೆಚ್ಚಿದರು. "ಯಾರ್ರೀ ನೀವು? ಕೋರ್ಟಿನೋರಾ?" ಎಂದರು.

ಅಲ್ಲ, ನೀರಿನ ಬಗ್ಗೆ ಬರೆಯಲು ಬಂದಿದ್ದೇನೆ ಎಂದೆ. ಗಾಬರಿ ಇಳಿದ ಮೇಲೆ ಅವರು ಕಟ್ಟೆಯನ್ನು ಸೆರಗಿನಿಂದ ಒರೆಸಿ, "ಕೂಡ್ರಿ," ಎಂದರು. ಗುತ್ತೂರಿನ ಅಂಗನವಾಡಿಯಲ್ಲಿ ಸಹಾಯಕಿಯಂತೆ, ಈ ಎರಡನೇ ಕೊಡ ಅಲ್ಲಿಗೆ. ಕಾರ್ಖಾನೆ ಇದ್ದಾಗ ಅವರ ಗಂಡ ಅದರ ಕ್ಯಾಂಟೀನಿನಲ್ಲಿ ಅಡುಗೆಗಿದ್ದರು, ಇದೇ ಸಾಲಿನ ಕೊನೆಯ ಮನೆಯಲ್ಲಿ ಸಂಸಾರ. ಈ ಮನೆ ಅವರದಲ್ಲ, ಗೆಳತಿಯದು.

"ಫಿಟ್ಟರ್ ಹೆಂಡ್ತಿ ಆಕಿ. ಎಲ್ಲರೂ ಖಾಲಿ ಮಾಡೋವಾಗ ಅಣ್ಣನ ಊರಿಗೆ ಹೋದ್ಲು. ನಾಲ್ಕು ದಿನ ಇದ್ದು ಬರ್ತೀನಿ, ಬಾಗಿಲ ಮುಂದೆ ಬರಿದು ಬಿಡಬ್ಯಾಡ ಅಂತ ಕೀಲಿ ಕೊಟ್ಲು. ಮೊದಮೊದಲು ಫೋನ್ ಬರ್ತಿತ್ತು. ಆಮೇಲೆ ಇಲ್ಲ."

"ಅವತ್ತಿಂದ ದಿನಾ ಬರ್ತೀರಾ?"

"ಡ್ಯೂಟಿಗೆ ಹೋಗೋ ದಾರಿನೇ ಅಲ್ರೀ. ಒಂದು ಕೊಡ ನೀರು, ನಾಲ್ಕು ಗೆರೆ. ಬರ್ತೀನಿ ಅಂದೋಳು ಬಂದು ನೋಡಿದ್ರೆ ಏನನ್ಕಬೇಕು?"

ಎದುರು ಸಾಲಿನ ಕಡೆ ತೋರಿಸಿ, "ಇಷ್ಟು ಮನೆ ಮುಂದೆ ಹಾಕ್ತೀರಲ್ಲ, ಎಷ್ಟು ಹೊತ್ತು ಹಿಡಿಯುತ್ತೆ?" ಎಂದು ಕೇಳಿದೆ.

ಅವರು ಆ ಕಡೆ ನೋಡಲಿಲ್ಲ. ಕೊಡದ ಬಾಯನ್ನು ಕೈಯಿಂದ ಒರೆಸುತ್ತ ಕೂತರು.

"ಇದೊಂದೇ ನಂದು," ಎಂದರು. "ಆ ಕಡೆಯವು ನಾನು ಹಾಕಿದ್ದಲ್ಲ."

ವಾಪಸ್ ಬರುವ ದಾರಿಯಲ್ಲಿ ಎಂಜಿನಿಯರ್‌ಗೆ ಇದನ್ನು ಹೇಳಿದೆ. "ಇಲ್ಲ ಮೇಡಂ, ಎಲ್ಲ ಆ ಆಂಟಿನೇ," ಎಂದಳು. ಹೇಳಿ ಗಾಡಿಯ ವೇಗ ಹೆಚ್ಚಿಸಿದಳು.

ನಾನು ವಿಚಾರ ಮಾಡುವವಳು. ಒಬ್ಬರಿಗೆ ಕೀಲಿ ಕೊಟ್ಟು ಹೋದ ಹಾಗೆ ಇನ್ನು ಕೆಲವರೂ ಯಾರಿಗೋ ಹೇಳಿ ಹೋಗಿರಬಹುದು. ಅವರೂ ತಮ್ಮ ತಮ್ಮ ಹೊತ್ತಿಗೆ ಬಂದು ಹೋಗುತ್ತಿರಬಹುದು, ಒಬ್ಬರಿಗೊಬ್ಬರು ಸಿಗದೆ. ಅದರಲ್ಲಿ ವಿಶೇಷವೇನಿದೆ? ಬಳಕೆದಾರರೇ ಇಲ್ಲ ಎಂದು ವರದಿಯಲ್ಲಿ ಬರೆಯುವ ಮೊದಲು ನಿಜಕ್ಕೂ ಇಲ್ಲವೇ ಎಂದು ನೋಡುವುದು ನನ್ನ ಕೆಲಸವೂ ಆಗಿತ್ತು. ಗುತ್ತೂರಿನಲ್ಲಿ ಮನೆಮನೆ ತಿರುಗಿದೆ. ಕಾಲೋನಿಯಲ್ಲಿ ಮೊದಲು ಇದ್ದವರು ಸಿಕ್ಕರು, ಚಹಾ ಕೊಟ್ಟರು, ಕಾರ್ಖಾನೆಯ ಸೈರನ್ನಿನ ಬಗ್ಗೆ, ಬೋನಸ್ಸಿನ ಬಗ್ಗೆ ಹೇಳಿದರು. ಕಾಲೋನಿಗೆ ಈಗ ಯಾರು ಹೋಗುತ್ತಾರೆ ಎಂದರೆ ಎಲ್ಲರದೂ ಒಂದೇ ಉತ್ತರ: ಅಂಗನವಾಡಿಯ ಆಕೆ ಒಬ್ಬಳೇ. "ಆಕಿಗೆ ಧೈರ್ಯ ಐತೆ," ಎಂದು ಒಬ್ಬ ಮುದುಕಿ ಹೇಳಿ, ಎದ್ದು ಒಳಗೆ ಹೋದಳು.

ಹಾಗಾಗಿ ಇನ್ನೊಂದು ಬೆಳಿಗ್ಗೆ ಮೊದಲನೇ ಬಸ್ಸಿಗೆ ನಾನೊಬ್ಬಳೇ ಹೋದೆ. ಮೊದಲೇ ಹೇಳಿಟ್ಟಿದ್ದರಿಂದ ಅಂಗನವಾಡಿಯ ಆಕೆ ಗೇಟಿನ ಬಳಿ ಕಾಯುತ್ತಿದ್ದರು. ಇಬ್ಬರೂ ಗೆಳತಿಯ ಮನೆಯ ಕಟ್ಟೆಯ ಮೇಲೆ ಕೂತು ಎದುರು ಸಾಲನ್ನು ನೋಡುತ್ತಿದ್ದೆವು. ಅಲ್ಲಿನ ಬಾಗಿಲುಗಳ ಮುಂದೆ ನೆಲ ಒಣಗಿತ್ತು, ಹಿಂದಿನ ದಿನದ ರಂಗೋಲಿ ಗಾಳಿಗೆ ಅಳಿಸಿ ಮಾಸಲಾಗಿತ್ತು. ಬೀಗಗಳಿಗೆ ತುಕ್ಕು. ಇದನ್ನು ನಾನು ಹತ್ತಿರ ಹೋಗಿ ನೋಡಿ ಬಂದೆ, ಕೈಯಿಂದ ನೆಲ ಮುಟ್ಟಿ ಬಂದೆ. ರಸ್ತೆಯ ಎರಡೂ ತುದಿಯಲ್ಲಿ ಯಾರೂ ಇರಲಿಲ್ಲ.

ಕೆಮ್ಮು ಶುರುವಾಯಿತು. ಆಮೇಲೆ ನೀರು.

"ಕೊಡ ಹಿಡಕಂಡು ಬರ್ತೀನಿ," ಎಂದು ಅವರು ಎದ್ದರು. ಒಬ್ಬಳೇ ಹೊರಗೆ ಕೂರಲಾರದೆ ನಾನೂ ಅವರ ಹಿಂದೆ ಹೋದೆ. ಒಳಗೆ ಬರೀ ಗೋಡೆ, ದೇವರ ಗೂಡಿನಲ್ಲಿ ಮಸಿ, ಬಚ್ಚಲಲ್ಲಿ ಧಾರೆ. ಕೊಡ ತುಂಬುವಷ್ಟು ಹೊತ್ತು ಮಾತ್ರ ನಾವು ಒಳಗಿದ್ದೆವು.

ಹೊರಗೆ ಬಂದಾಗ ಎದುರು ಸಾಲಿನಲ್ಲಿ ಮೂರು ಬಾಗಿಲ ಮುಂದೆ ನೆಲ ಒದ್ದೆಯಾಗಿತ್ತು.

ರಸ್ತೆ ದಾಟಿದೆ. ಯಾಕೆ ದಾಟಿದೆನೋ, ಕಾಲು ತಾನೇ ಹೋಯಿತು. ಮೊದಲ ಬಾಗಿಲ ಮುಂದೆ ಎಂಟೆಸಳಿನ ಹೂವು. ಎರಡನೆಯದರ ಮುಂದೆ ಬಳ್ಳಿ. ಮೂರನೆಯದರ ಮುಂದೆ ಚುಕ್ಕಿಗಳೆಲ್ಲ ಇಟ್ಟಾಗಿತ್ತು, ಗೆರೆ ಮಾತ್ರ ಅರ್ಧಕ್ಕೆ ನಿಂತಿತ್ತು. ಒಂದು ಚುಕ್ಕಿಯಿಂದ ಹೊರಟು, ಇನ್ನೊಂದನ್ನು ಬಳಸಿ, ಮೂರನೆಯದಕ್ಕೆ ಮುಟ್ಟುವ ಮೊದಲೇ ಬೆರಳು ಎತ್ತಿದ ಹಾಗೆ. ಕೆಲಸ ಮಾಡುತ್ತಿದ್ದವರು ನನ್ನ ಹೆಜ್ಜೆ ಕೇಳಿ ಎದ್ದು ಹೋಗಿದ್ದಾರೆ, ಹತ್ತಿರವೇ ಎಲ್ಲೋ ನಿಂತು ನಾನು ಹೋಗುವುದನ್ನು ಕಾಯುತ್ತಿದ್ದಾರೆ ಎನಿಸಿತು. ಬೀಗ ಅದೇ ತುಕ್ಕಿನ ಬೀಗ. ಬಾಗಿಲ ಆಚೆ ನೀರು ಬೀಳುತ್ತಿತ್ತು.

"ಅಕ್ಕಾ," ಎಂದು ಹಿಂದಿನಿಂದ ಮೆಲ್ಲಗೆ ಕರೆದರು ಆಕೆ. "ಈ ಕಡೆ ಬರ್ರಿ. ಅವರು ಮುಗಿಸ್ಲಿ."

ನಾನು ಬಂದೆ. ಆಕೆ ತಮ್ಮ ಪಾಡಿಗೆ ಗೆಳತಿಯ ಬಾಗಿಲ ಮುಂದೆ ನೀರು ಹಾಕಿ, ಬಗ್ಗಿ ಗೆರೆ ಎಳೆದರು. ಹೆದರಿಕೆ ಆಗಲ್ಲವೇ ಎಂದು ಕೇಳಿದೆ. "ಮೊದಲು ಆಗ್ತಿತ್ತು. ಈಗ, ನಾನೊಬ್ಬಾಕೇನೇ ಅಲ್ಲ ಅನ್ನಿಸ್ತೈತೆ," ಎಂದರು. ಇಬ್ಬರೂ ಗೇಟಿನವರೆಗೆ ನಡೆದೆವು. ನಾನು ಹಿಂತಿರುಗಿ ನೋಡಲಿಲ್ಲ. ಅವರು ನೋಡಿದರೋ ಇಲ್ಲವೋ, ಕೇಳಲಿಲ್ಲ.

ವರದಿಯನ್ನು ಬರೆಯಲೇಬೇಕಿತ್ತು. ಪಂಪಿನ ಕರೆಂಟು, ನೀರಿಗೆ ಹಾಕುವ ಔಷಧಿ, ಆಳು, ಎಲ್ಲ ಸೇರಿಸಿ ಆ ಕಾಲೋನಿಯಲ್ಲಿ ಹರಿದುಹೋಗುವ ನೀರಿಗೆ ತಗಲುವ ವೆಚ್ಚವನ್ನು ಒಂದು ಕಡೆ ಇಟ್ಟೆ. ಕಾಲೋನಿಯ ಹೊರಗಿಂದ ಹೊಸ ಲೇಔಟಿಗೆ ಬೇರೆ ಪೈಪು ಎಳೆಯುವ ವೆಚ್ಚವನ್ನು ಇನ್ನೊಂದು ಕಡೆ. ಕೆಲವೇ ವರ್ಷಗಳಲ್ಲಿ ಹೊಸ ಪೈಪಿನ ದುಡ್ಡು ಹುಟ್ಟುತ್ತಿತ್ತು. ಗುತ್ತೂರಿನ ಕೊನೆಯ ಓಣಿಗಳಿಗೆ ಬೇಸಿಗೆಯಲ್ಲಿ ನೀರು ಏರುವುದೇ ಇಲ್ಲ, ಅಲ್ಲಿನ ಹೆಂಗಸರು ಟ್ಯಾಂಕರಿಗೆ ಕಾಯುವುದನ್ನು ನೋಡಿದ್ದೆ. ಅನುಮಾನಕ್ಕೆ ಎಡೆ ಇರಲಿಲ್ಲ. ಆದರೂ "ಕಾಲೋನಿಯಲ್ಲಿ ಬಳಕೆದಾರರು" ಎಂಬ ಸಾಲಿನ ಮುಂದೆ ಬೆರಳು ನಿಂತುಬಿಟ್ಟಿತು. ಶಾಮನೂರಿನ ನನ್ನ ಮೇಲಿನ ಕೋಣೆಯಲ್ಲಿ ಮಟಮಟ ಮಧ್ಯಾಹ್ನ, ಹೊರಗೆ ತರಕಾರಿ ಗಾಡಿಯವನ ಮೈಕು ಕೂಗುತ್ತಿತ್ತು. ಸೊನ್ನೆ ಎಂದು ಬರೆಯಲು ಆಗಲಿಲ್ಲ. "ಒಬ್ಬರು" ಎಂದು ಬರೆದೆ. ಅದೂ ಸರಿ ಎನಿಸಲಿಲ್ಲ. ಕೊನೆಗೆ "ವಾಸವಿರುವ ಕುಟುಂಬಗಳಿಲ್ಲ" ಎಂದು ಬರೆದು ಮುಂದಿನ ಅಧ್ಯಾಯಕ್ಕೆ ಹೋದೆ. ಅದು ಸುಳ್ಳಲ್ಲ.

ಬರೆದದ್ದನ್ನು ಯಾರೂ ಓದುವುದಿಲ್ಲ ಎಂಬುದು ನಮ್ಮ ಕಸುಬಿನವರು ಸದಾ ಆಡುವ ಮಾತು. ಈ ಸಲ ಓದಿದರು. ಹೊಸ ಪೈಪು ಬಂತು, ಕಾಲೋನಿಯ ವಾಲ್ವ್ ಬಂದ್ ಆಯಿತು, ಗುತ್ತೂರಿನ ಕೊನೆಯ ಓಣಿಗಳಲ್ಲಿ ಬೇಸಿಗೆಯಲ್ಲೂ ನೀರು ಬಂತು. ನನಗೆ ಸಂತೋಷವಾಯಿತು, ನಿಜವಾದ ಸಂತೋಷ. ನಾನು ಬರೆದ ಯಾವ ಲೇಖನದಿಂದಲೂ ಯಾರ ಮನೆಯ ಕೊಡವೂ ಅದುವರೆಗೆ ತುಂಬಿರಲಿಲ್ಲ.

ಅಂಗನವಾಡಿಯ ಆಕೆಗೆ ಫೋನ್ ಮಾಡಿದೆ. ಈಗ ಬಾಟಲಿಯಲ್ಲಿ ನೀರು ಒಯ್ಯುತ್ತೇನೆ, ಅದೇನು ಭಾರವೇ ಎಂದರು. ಬೇಸರವಿದ್ದಂತೆ ಕಾಣಲಿಲ್ಲ. ಎದುರು ಸಾಲು ಹೇಗಿದೆ ಎಂದು ಕೇಳಿದೆ.

"ಏನೂ ಇಲ್ರೀ. ನೀರು ನಿಂತ ದಿನದಿಂದ ಬರೇ ಧೂಳು," ಎಂದರು. ಆಮೇಲೆ, "ಎಲ್ಲಿಗೆ ಹೋಗಿರ್ತಾರೋ," ಎಂದು ಸೇರಿಸಿದರು, ಬಾಡಿಗೆಗಿದ್ದವರು ಮನೆ ಬಿಟ್ಟು ಹೋದ ಬಗ್ಗೆ ಹೇಳುವ ದನಿಯಲ್ಲಿ.

ಎಂಜಿನಿಯರ್‌ನಿಂದ ಫೋನ್ ಬಂದದ್ದು ಅದಾಗಿ ಕೆಲವು ವಾರಗಳಿಗೆ. ಬೇರೆ ಯಾವುದೋ ಟೆಂಡರಿನ ವಿಷಯ ಮಾತಾಡಿ, ನಗುತ್ತಲೇ ಹೇಳಿದಳು. ಹೊಸ ಪೈಪಿನ ನೀರು ಹೋಗುವ ಲೇಔಟಿನಲ್ಲಿ ಮನೆಗಳು ಈಗಷ್ಟೇ ಏಳುತ್ತಿವೆ. ಕಟ್ಟಿ ಮುಗಿಸಿ ಬೀಗ ಹಾಕಿದ ಮೂರು ಮನೆ, ಇನ್ನೂ ಗೃಹಪ್ರವೇಶ ಆಗಿಲ್ಲ. ಒಬ್ಬ ಮಾಲೀಕರು ಕಚೇರಿಗೆ ಬಂದು, ದಿನಾ ಬೆಳಗ್ಗೆ ನಮ್ಮ ನಳ ತಿರುಗಿಸಿ ಯಾರೋ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಿಸಿ ಹೋಗುತ್ತಿದ್ದಾರೆ, ನಿಮ್ಮ ಕೆಲಸದವರೇನಾದರೂ ಇದ್ದಾರೆಯೇ ಎಂದು ಕೇಳಿದರಂತೆ.

"ಸಿಟ್ಟಾಗಿದ್ರಾ?"

"ಇಲ್ಲ ಮೇಡಂ. ಅವರ ಹೆಂಡ್ತಿಗೆ ಖುಷಿನೇ ಆಗೈತಂತೆ, ಶುಭ ಅಂತ. ನಾನು ಅವರಿಗೆ ಏನಾದ್ರೂ ಹೇಳಬೇಕಾ?"

ಅವಳ ನಗು ಅಷ್ಟರಲ್ಲಿ ನಿಂತಿತ್ತು. ನನ್ನ ಉತ್ತರಕ್ಕೆ ಕಾಯುತ್ತಿದ್ದಳು, ತರಗತಿಯಲ್ಲಿ ಹುಡುಗಿಯರು ಕಾಯುತ್ತಿದ್ದ ಹಾಗೆ.

"ಬೇಡ," ಎಂದೆ. "ನೀರಿನ ಬಿಲ್ ಅವರ ಹೆಸರಿಗೇ ಹೋಗ್ತಿದೆ ತಾನೆ?"

"ಹೋಗ್ತೈತೆ."

"ಸರಿ ಹಾಗಾದ್ರೆ," ಎಂದು ಫೋನ್ ಇಟ್ಟೆ. ಸ್ವಲ್ಪ ಹೊತ್ತು ಕೆಳಗೆ ಹೋಗದೆ ಕೂತಿದ್ದೆ.