ಕಂಬಳಿ ಹೊದ್ದ ಹಾವಗೆಪ್ಪ

ಔರಾದಿನ ಹಾವಗೆಪ್ಪ ಹುಟ್ಟಿದ್ದು ಕುರಿಗಾರರ ಮನೆಯಲ್ಲಿ. ನಿಜಾಮರ ಕಾಲದಲ್ಲಿ ಬೀದರಿನ ಜಾಗೀರದಾರರ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿದ್ದೇ ತಡ, ತಲೆಗೆ ನಿಜಾಮರ ನೌಕರರು ಹಾಕುವ ಕೆಂಪು ರೂಮಿ ಟೊಪ್ಪಿಗೆ ಬಂತು, ಅಪ್ಪನ ಕರಿ ಕಂಬಳಿ ದನದ ಕೊಟ್ಟಿಗೆ ಸೇರಿತು. ಉಣ್ಣೆಯ ವಾಸನೆಗೆ ತನಗೆ ತಲೆನೋವು ಬರುತ್ತದೆ ಎನ್ನುತ್ತಿದ್ದ. ಅದೇ ಉಣ್ಣೆ ಮಾರಿ ಬೆಳೆಸಿದ ಹೊಟ್ಟೆ ಅದು! ಹೆಂಡತಿ ಚಂದ್ರಭಾಗಾ ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಿದ್ದಳು. ಒಳಗೊಳಗೇ ಅವಳಿಗೆ ಅವನೆಂದರೆ ಹೇಸಿಕೆ.

ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳಿಕೆ ಮುಗಿದ ವಾರದಲ್ಲೇ ಟೊಪ್ಪಿಗೆ ಬೆಳ್ಳಗಾಯಿತು. ಕಂಬಳಿ ಕೊಟ್ಟಿಗೆಯಿಂದ ಹೆಗಲಿಗೆ ಬಂತು. ತಾನು ಕುರಿಗಾರರ ದೇವರು ಮೈಲಾರ ಮಲ್ಲಣ್ಣನ ಒಕ್ಕಲು ಎಂದು ಭಾಲ್ಕಿಯವರೆಗೂ ಸಾರಿಕೊಂಡು ಬಂದ. ಹೊಸ ಸರ್ಕಾರದಲ್ಲೂ ಒಂದು ಕುರ್ಚಿ ಬೇಕಿತ್ತಲ್ಲ.

ಅಷ್ಟರಲ್ಲಿ ನೆರೆಮನೆಯ ಹತ್ತಿ ಎಕ್ಕುವ ಪಿಂಜಾರ ಲಾಲ ಅಹ್ಮದನನ್ನು ಯಾರೋ ನಿಜಾಮರ ಪರ ಊರು ಸುಲಿದ ರಜಾಕಾರನೆಂದು ಸಿಪಾಯಿಗಳಿಗೆ ಹಿಡಿದುಕೊಟ್ಟರು. ಚಂದ್ರಭಾಗಾ ರೊಟ್ಟಿ ಬಡಿಯುವುದನ್ನು ಬಿಟ್ಟು ಗಂಡನ ಬಳಿ ಬಂದಳು. ರಜಾಕಾರರು ಊರಿಗೆ ನುಗ್ಗಿದ ದಿನ ಅವಳನ್ನು ತನ್ನ ಹತ್ತಿಯ ರಾಶಿಯಲ್ಲಿ ಬಚ್ಚಿಟ್ಟು ಉಳಿಸಿದವನು ಇದೇ ಲಾಲ ಅಹ್ಮದ. ಗಂಡ ಆಗ ಬೀದರಿನಲ್ಲಿ ಜಾಗೀರದಾರರ ದಾವತಿನಲ್ಲಿ ಬಿರಿಯಾನಿ ತಿನ್ನುತ್ತಿದ್ದ.

"ನೀವೊಂದು ಮಾತು ಹೇಳ್ರಿ, ಬಿಡ್ತಾರ," ಎಂದಳು.

"ಹುಚ್ಚಿ, ಆ ದಿನ ನಾ ಎಲ್ಲಿದ್ದೆ ಅಂತ ನನಗs ಕೇಳಿದ್ರ?"

ಊರ ಹಿರಿಯರು ಹೇಳಿದಂತೆ ಮಾಡುತ್ತೇವೆ ಎಂದರು ಸಿಪಾಯಿಗಳು. ಹಿರಿಯ ದತ್ತಾತ್ರಿ ಚಾವಡಿಯಲ್ಲಿ ಕಂಬಳಿ ಹಾಸಿ, ಮಲ್ಲಣ್ಣನ ಭಂಡಾರದ ಅರಿಶಿನ ಚೆಲ್ಲಿದ. ಅದರ ಮೇಲೆ ಕೂತವರು ಸುಳ್ಳಾಡುವುದಿಲ್ಲ. ಕುರಿಗಾರರಲ್ಲಿ ಕಳ್ಳನೂ ಅಷ್ಟು ಮಾನ ಉಳಿಸಿಕೊಂಡಿರುತ್ತಾನೆ. ಹಾವಗೆಪ್ಪ ಎಲ್ಲರಿಗಿಂತ ಮೊದಲು ಹೋಗಿ ಕೂತ. ಹಣೆತುಂಬ ಅರಿಶಿನ ಬಳಿದುಕೊಂಡು, ಎದುರಿಗೆ ಕೈ ಕಟ್ಟಿ ನಿಲ್ಲಿಸಿದ್ದ ಲಾಲ ಅಹ್ಮದನನ್ನು ತೋರಿಸಿ, "ಇಂವನ ಗುರ್ತs ಇಲ್ರಿ ನನಗ," ಎಂದ.

ಹೆಂಗಸರು ಕೂರುವ ಜಾಗವಲ್ಲ ಅದು. ಚಂದ್ರಭಾಗಾ ಹೋಗಿ ಗಂಡನ ಪಕ್ಕದಲ್ಲೇ ಕೂತಳು. ಹತ್ತಿಯ ರಾಶಿಯನ್ನೂ ಹೇಳಿದಳು, ಬಿರಿಯಾನಿಯನ್ನೂ ಹೇಳಿದಳು. ದತ್ತಾತ್ರಿ ಅವಳನ್ನು ಎಬ್ಬಿಸಲಿಲ್ಲ. ಕೇಳಿ ಮುಗಿದ ಮೇಲೆ ಸಿಪಾಯಿಗಳತ್ತ ನೋಡಿ ಬಿಟ್ಟುಬಿಡಿ ಎಂದು ತಲೆಯಾಡಿಸಿದ.

ಲಾಲ ಅಹ್ಮದನ ಕೈಗೆ ಕಟ್ಟಿದ್ದ ಹಗ್ಗ ಬಿಚ್ಚಿದರು. ಬಿಚ್ಚುತ್ತಲೇ ಓಡಿಹೋಗಿ ತಬ್ಬಿಕೊಂಡವನು ಯಾರು? ಹಾವಗೆಪ್ಪ!

"ನಮ್ಮ ಮಂದಿರಿ ಇಂವ, ನಮ್ಮ ಮಂದಿ!"

ಚಂದ್ರಭಾಗಾ ನಡುವೆ ಬಂದು ನಿಂತಳು.

"ಬಿಡ್ರಿ ಅವಗ. ಗುರ್ತ ಇಲ್ದವರಿಗಿ ಹಂಗ ಮುಟ್ಟಬಾರ್ದು." ಆಮೇಲೆ ಲಾಲ ಅಹ್ಮದನಿಗೆ ಹೇಳಿದಳು: "ನಡಿ ಅಣ್ಣಾ, ಭಾಭಿ ದಾರಿ ನೋಡ್ಲಿಕತ್ತಾಳ."